ಪೆಟ್ರೋಲ್ ಸಿಗಲ್ಲವಂತೆ ಎಂದಾಗ: ಉತ್ತರ ಕನ್ನಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ, ಲಾರಿ ಮುಷ್ಕರದ ಸುದ್ದಿ ಬಂದಾಗ, ದೂರದ ಯಾವುದೋ ದೇಶದಲ್ಲಿ ಯುದ್ಧ ಶುರುವಾದಾಗ ನಮ್ಮ ಊರುಗಳಲ್ಲಿ ಮೊದಲು ಕಾಣುವುದು ಬಂಕ್ ಮುಂದಿನ ಸಾಲು. ಕಾರವಾರವಿರಲಿ, ಶಿರಸಿಯಿರಲಿ, ಆ ಸಾಲಿನಲ್ಲಿ ನಿಂತವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೊರತೆ ನಿಜವಾದಾಗ ಯಾರಿಗೆ ಮೊದಲು ಪೆಟ್ಟು ಬೀಳುತ್ತದೆ ಎನ್ನುವುದು ನನಗೆ ಮುಖ್ಯ. ಉತ್ತರಗಳಲ್ಲೂ ಅದೇ ಮತ್ತೆ ಮತ್ತೆ ಬರುತ್ತದೆ.

ನಿಜಕ್ಕೂ ಪೆಟ್ರೋಲ್ ಖಾಲಿ ಆಗಿದೆಯಾ, ಬರೀ ಗಾಳಿಸುದ್ದಿಯಾ?

ಮೂರು ಬೇರೆ ಬೇರೆ ಸಂಗತಿಗಳನ್ನು ನಾವು ಒಂದೇ ಮಾತಿನಲ್ಲಿ "ಪೆಟ್ರೋಲ್ ಇಲ್ಲ" ಎಂದುಬಿಡುತ್ತೇವೆ. ಮೊದಲನೆಯದು, ಕಚ್ಚಾ ತೈಲವೇ ದೇಶಕ್ಕೆ ಬರುತ್ತಿಲ್ಲ. ಇದು ಅಪರೂಪ. ಹಾಗಾದರೂ ಅದರ ಬಿಸಿ ಬಂಕ್ ತನಕ ಬರಲು ದಿನಗಳು ಬೇಕು. ಎರಡನೆಯದು, ತೈಲ ಇದೆ, ಟ್ಯಾಂಕರ್ ಬರಲು ದಾರಿ ಇಲ್ಲ, ಅಥವಾ ಓಡಿಸಲು ಚಾಲಕರಿಲ್ಲ. ನಮ್ಮ ಜಿಲ್ಲೆಯ ತೊಂದರೆ ಬಹುತೇಕ ಈ ಜಾತಿಯದು. ಮೂರನೆಯದು, ತೈಲವೂ ಇದೆ, ದಾರಿಯೂ ಇದೆ, ಆದರೆ ವಾರವಿಡೀ ಹಂಚಿಕೊಂಡು ಬರಬೇಕಾದ ಜನ ಒಂದೇ ದಿನ ಬಂದಿದ್ದಾರೆ. ಬಂಕ್ ಎದುರು "ನೋ ಸ್ಟಾಕ್" ಬೋರ್ಡ್ ನೇತಾಡಲು ಈ ಮೂರನೆಯದೊಂದೇ ಸಾಕು.

ಹಾಗಾಗಿ ಬೋರ್ಡ್ ಕಂಡ ಕೂಡಲೇ ಮುಂದಿನ ಬಂಕ್‌ಗೆ ಓಡಬೇಡಿ. ಮುಂದಿನ ಲೋಡ್ ಯಾವಾಗ ಬರುತ್ತದೆ ಎಂದು ಅಲ್ಲೇ ಇರುವ ಹುಡುಗರನ್ನು ಕೇಳಿ. "ಸಂಜೆ ಬರ್ತದೆ" ಎಂದರೆ ಅದು ಒಂದು ದಿನದ ತಾಪತ್ರಯ, ಅಷ್ಟೇ.

ನಮ್ಮ ಜಿಲ್ಲೆಗೆ ಪೆಟ್ರೋಲ್ ಹೇಗೆ ಬರುತ್ತದೆ?

ರಾಜ್ಯದಲ್ಲಿರುವುದು ಒಂದೇ ತೈಲ ಶುದ್ಧೀಕರಣ ಘಟಕ, ಮಂಗಳೂರಿನ ಎಂಆರ್‌ಪಿಎಲ್. ಅಲ್ಲಿಂದ ಹಾಸನದ ಮೂಲಕ ಬೆಂಗಳೂರಿಗೆ ಪೈಪ್‌ಲೈನ್ ಹೋಗಿದೆ. ನಮ್ಮ ಬಂಕ್‌ಗಳಿಗೆ ಬರುವುದು ರಸ್ತೆ ಮೇಲೆ, ಟ್ಯಾಂಕರ್ ಲಾರಿಯಲ್ಲಿ. ಕರಾವಳಿಗೆ ರಾಷ್ಟ್ರೀಯ ಹೆದ್ದಾರಿ 66 ಇದೆ. ಘಟ್ಟದ ಮೇಲಿನಿಂದ ಇಳಿಯಲು ಅರಬೈಲು, ದೇವಿಮನೆಯಂಥ ಘಾಟಿಗಳಿವೆ.

ಈ ದಾರಿಗಳ ಸ್ಥಿತಿ ನಮಗೆಲ್ಲ ಗೊತ್ತು. 2021ರ ಜುಲೈ ಮಳೆಯಲ್ಲಿ ಅರಬೈಲು ಘಾಟಿ ಕುಸಿದು ಅಂಕೋಲಾ–ಯಲ್ಲಾಪುರ ರಸ್ತೆ ಬಂದ್ ಆಯಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೇ ಬಿತ್ತು. ಜನ ಸತ್ತರು. ಗ್ಯಾಸ್ ಟ್ಯಾಂಕರ್ ಒಂದು ಗಂಗಾವಳಿ ಹೊಳೆಗೆ ಕೊಚ್ಚಿಹೋಯಿತು. ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ಮತ್ತೆ ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಾರವಾರ–ಸದಾಶಿವಗಡ ನಡುವಿನ ಹಳೆಯ ಕಾಳಿ ಸೇತುವೆ ಮುರಿದು ಬಿತ್ತು. ಲಾರಿಯೊಂದು ನದಿಗೆ ಬಿದ್ದು, ಚಾಲಕರನ್ನು ಬದುಕಿಸಿ ತಂದರು.

ಬೆಂಗಳೂರಿನವರಿಗೆ ಇಂಧನದ ಕೊರತೆ ಎಂದರೆ ಬೆಲೆಯ ಮಾತು. ನಮಗೆ ಅದು ಮೊದಲು ರಸ್ತೆಯ ಮಾತು. ಹೊನ್ನಾವರದ ಆಚೆ ಒಂದು ಕಡೆ ಮಣ್ಣು ಕುಸಿದರೆ ಈಚೆ ಕಾರವಾರದ ತನಕ ಟ್ಯಾಂಕರ್ ಲೆಕ್ಕ ತಪ್ಪುತ್ತದೆ. ಸುತ್ತಿ ಬಳಸಿ ಬರುವುದಕ್ಕೆ ಒಂದು ದಿನ ಜಾಸ್ತಿ ಬೇಕಾಗಬಹುದು. ಆದರೆ ಬರುತ್ತದೆ.

ನಾನೊಬ್ಬ ಫುಲ್ ಟ್ಯಾಂಕ್ ಮಾಡಿಸಿದರೆ ಏನು ಮಹಾ ಆಗುತ್ತದೆ?

ಇದಕ್ಕೆ ಬಾಯಿಮಾತಿಗಿಂತ ಲೆಕ್ಕ ವಾಸಿ. ಒಂದು ಪೇಟೆಯಲ್ಲಿ 10,000 ಸ್ಕೂಟರ್, ಬೈಕ್ ಇವೆ ಎಂದಿಟ್ಟುಕೊಳ್ಳಿ. ಲೆಕ್ಕ ಸುಲಭವಾಗಲಿ ಎಂದು ಹಿಡಿದ ಸಂಖ್ಯೆ ಇದು. ಒಬ್ಬೊಬ್ಬರೂ ನಾಲ್ಕು ದಿನಕ್ಕೊಮ್ಮೆ 2 ಲೀಟರ್ ಹಾಕಿಸುತ್ತಾರೆ. ಅಂದರೆ ಇಡೀ ಪೇಟೆಗೆ ದಿನಕ್ಕೆ 5,000 ಲೀಟರ್ ಸಾಕು. ಬಂಕ್‌ನವರು ಇದನ್ನು ನೋಡಿಕೊಂಡೇ ಟ್ಯಾಂಕರ್ ತರಿಸುತ್ತಾರೆ.

ಈಗ ಒಂದು ಬೆಳಿಗ್ಗೆ "ನಾಳೆಯಿಂದ ಪೆಟ್ರೋಲ್ ಇಲ್ಲ" ಎಂಬ ಸುದ್ದಿ ಹಬ್ಬಿತು. ಸ್ಕೂಟರ್ ಟ್ಯಾಂಕ್ ಸುಮಾರು 5 ಲೀಟರಿನದು. ಹೆಚ್ಚಿನವರ ಗಾಡಿಯಲ್ಲಿ ಆಗಲೇ 2 ಲೀಟರ್ ಇದೆ. ಎಲ್ಲರೂ ಹೋಗಿ ತಲಾ 3 ಲೀಟರ್ ತುಂಬಿಸಿಕೊಂಡರು. 30,000 ಲೀಟರ್! ಆರು ದಿನಕ್ಕೆ ಆಗುವಷ್ಟು ಪೆಟ್ರೋಲ್ ಒಂದೇ ದಿನದಲ್ಲಿ ಬಂಕ್‌ನಿಂದ ಹೊರಗೆ ಹೋಯಿತು. ಒಂದು ದೊಡ್ಡ ಟ್ಯಾಂಕರ್ 20,000 ಲೀಟರ್ ತರುತ್ತದೆ. ಅದು ಬಂದು ನಿಂತರೂ ಸಾಲದು. ಕಾರು, ಕ್ಯಾನು ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಗಮನಿಸಿ, ಆ ದಿನ ಯಾರೂ ಒಂದು ಕಿಲೋಮೀಟರ್ ಕೂಡ ಜಾಸ್ತಿ ಓಡಾಡಿಲ್ಲ. ಊರಿನ ಪೆಟ್ರೋಲ್ ಖರ್ಚಾಗಿಲ್ಲ. ಬಂಕ್‌ನ ನೆಲದಡಿಯ ಟ್ಯಾಂಕಿನಿಂದ ನಮ್ಮ ಅಂಗಳದಲ್ಲಿ ನಿಂತ ಗಾಡಿಗಳಿಗೆ ಜಾಗ ಬದಲಾಯಿಸಿದೆ. ಮನೆ ಎದುರು ನಿಂತ ಗಾಡಿಯಲ್ಲಿ ಪೆಟ್ರೋಲ್ ತುಂಬಿ ತುಳುಕುತ್ತಿದೆ. ಅತ್ತ ಮುರುಡೇಶ್ವರಕ್ಕೆ ಬಾಡಿಗೆ ಹಿಡಿದ ರಿಕ್ಷಾದವರಿಗೆ ಒಂದು ಲೀಟರ್ ಸಿಗುತ್ತಿಲ್ಲ.

"ನಾನೊಬ್ಬ" ಎಂದು ಹೇಳುವವರು ಕೆಟ್ಟವರಲ್ಲ. ಅವರ 3 ಲೀಟರಿಂದ ಏನೂ ಆಗುವುದಿಲ್ಲ ಎನ್ನುವುದೂ ನಿಜ. ಆದರೆ ಅದೇ ಹೊತ್ತಿಗೆ ಅದೇ ಮಾತನ್ನು ಉಳಿದ 9,999 ಜನ ಹೇಳಿಕೊಂಡಿರುತ್ತಾರೆ.

ಎಲ್ಲರೂ ತುಂಬಿಸ್ತಾ ಇರುವಾಗ ನಾನು ಸುಮ್ನೆ ಕೂತರೆ ನನಗೇ ನಷ್ಟ ಅಲ್ವಾ?

ಆಗಬಹುದು. ಆಗುವುದೇ ಇಲ್ಲ ಎಂದು ಹೇಳಿ ನಿಮ್ಮನ್ನು ಮರುಳು ಮಾಡಲಾರೆ. ಎಲ್ಲರೂ ಓಡುವಾಗ ನಿಂತವನಿಗೆ ಒಂದೆರಡು ದಿನ ತೊಂದರೆ ಆದೀತು. ಅದಕ್ಕೇ ಈ ಗಡಿಬಿಡಿ ಇಷ್ಟು ಬೇಗ ಹಬ್ಬುವುದು. ಬ್ಯಾಂಕ್ ಮುಳುಗುತ್ತದೆ ಎಂದು ಹೆದರಿ ಎಲ್ಲರೂ ಒಟ್ಟಿಗೆ ಹಣ ತೆಗೆದರೆ ಗಟ್ಟಿಮುಟ್ಟಾದ ಬ್ಯಾಂಕೂ ಮುಳುಗುತ್ತದಲ್ಲ, ಇದೂ ಹಾಗೇ.

ನಾನು ಹೇಳುವುದು ಇಷ್ಟು. ಟ್ಯಾಂಕಿನಲ್ಲಿ ಏನಿದೆ ನೋಡಿ. ಮೂರು ದಿನ ಕೆಲಸಕ್ಕೆ ಹೋಗಿ ಬರಲು ಸಾಕಾಗುತ್ತದೆ ಎಂದರೆ ಸಾಲಿಗೆ ಹೋಗಬೇಡಿ. ಸಾಕಾಗಲ್ಲ ಎಂದರೆ ಧಾರಾಳವಾಗಿ ಹೋಗಿ, ಆ ಮೂರು ದಿನಕ್ಕೆ ಬೇಕಾದಷ್ಟು ಹಾಕಿಸಿ. ರಿಸರ್ವ್‌ಗೆ ಬಂದವರು ಬಂಕ್‌ಗೆ ಹೋಗುವುದು ತಪ್ಪಲ್ಲ. ಮುಕ್ಕಾಲು ಟ್ಯಾಂಕ್ ಇದ್ದವರು ಅವರ ಮುಂದೆ ಹೋಗಿ ನಿಲ್ಲುವುದು ತಪ್ಪು.

ಬೇರೆ ಕಡೆ ಹೀಗೆ ಆಗಿದೆಯಾ? ಆಮೇಲೆ ಏನಾಯಿತು?

ಬೇಕಾದಷ್ಟು ಸಲ ಆಗಿದೆ. ನಮ್ಮ ದೇಶದ್ದೇ ಹತ್ತಿರದ ಉದಾಹರಣೆ 2024ರ ಜನವರಿ 1 ಮತ್ತು 2. ಅಪಘಾತ ಮಾಡಿ ಓಡಿಹೋದ ಚಾಲಕರಿಗೆ 10 ವರ್ಷದ ತನಕ ಶಿಕ್ಷೆ ಎಂಬ ಹೊಸ ಕಾನೂನಿನ ವಿರುದ್ಧ ಲಾರಿ, ಟ್ಯಾಂಕರ್ ಚಾಲಕರು ಗಾಡಿ ನಿಲ್ಲಿಸಿದರು. ಮಹಾರಾಷ್ಟ್ರದಲ್ಲಿ, ಉತ್ತರದ ಹಲವು ರಾಜ್ಯಗಳಲ್ಲಿ, ಹೈದರಾಬಾದಿನಲ್ಲಿ ಬಂಕ್‌ಗಳ ಎದುರು ಭಾರೀ ಸಾಲು. 2ನೇ ತಾರೀಕು ರಾತ್ರಿ ಮಾತುಕತೆ ಮುಗಿದು ಮುಷ್ಕರ ನಿಂತಿತು. ಗಂಟೆಗಟ್ಟಲೆ ನಿಂತು ತುಂಬಿಸಿಕೊಂಡವರಿಗೆ ಒಂದೆರಡು ದಿನ ಕಾದಿದ್ದರೆ ಸಲೀಸಾಗಿ ಸಿಗುತ್ತಿತ್ತು.

2021ರ ಸೆಪ್ಟೆಂಬರಿನಲ್ಲಿ ಬ್ರಿಟನ್‌ನಲ್ಲಿ ಪೆಟ್ರೋಲ್ ಇತ್ತು, ಟ್ಯಾಂಕರ್ ಚಾಲಕರ ಕೊರತೆ ಇತ್ತು. ಕೆಲವೇ ಬಂಕ್ ಮುಚ್ಚಬೇಕಾಯಿತು ಎಂಬ ಸುದ್ದಿ ಹೊರಬಿದ್ದದ್ದೇ ತಡ, ದೇಶವಿಡೀ ಸಾಲು ನಿಂತಿತು. ಕೊನೆಗೆ ಅಕ್ಟೋಬರ್ 4ರಿಂದ ಸೇನೆಯವರು ಬಂದು ಟ್ಯಾಂಕರ್ ಓಡಿಸಿದರು. ಅದೇ ವರ್ಷ ಮೇ 7ರಂದು ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಸೈಬರ್ ದಾಳಿಯಿಂದ ನಿಂತಿತು. ಐದೇ ದಿನದಲ್ಲಿ ಮತ್ತೆ ಶುರುವಾಯಿತು. ಅಷ್ಟರಲ್ಲಿ ಜನ ಸಿಕ್ಕಿದ್ದರಲ್ಲೆಲ್ಲ ಪೆಟ್ರೋಲ್ ತುಂಬಲು ಹೊರಟಿದ್ದರು. ಪ್ಲಾಸ್ಟಿಕ್ ಚೀಲಕ್ಕೆ ಪೆಟ್ರೋಲ್ ತುಂಬಬೇಡಿ ಎಂದು ಅಲ್ಲಿನ ಗ್ರಾಹಕ ಸುರಕ್ಷತಾ ಸಂಸ್ಥೆ ಎಚ್ಚರಿಸಬೇಕಾಯಿತು.

ಇವುಗಳ ಸಾಲಿಗೆ ಸೇರಿಸಬಾರದ್ದು ಶ್ರೀಲಂಕಾ. 2022ರಲ್ಲಿ ಅಲ್ಲಿ ತೈಲ ತರಿಸಲು ವಿದೇಶಿ ಹಣವೇ ಇರಲಿಲ್ಲ. ಅದು ನಿಜವಾದ ಕೊರತೆ. ದಿನಗಟ್ಟಲೆ ಸಾಲಿನಲ್ಲಿ ನಿಂತು ಜೀವ ಬಿಟ್ಟವರೂ ಇದ್ದಾರೆ. ವಾಹನಕ್ಕೊಂದು ಕ್ಯೂಆರ್ ಕೋಡ್ ಕೊಟ್ಟು ವಾರಕ್ಕೆ ಇಷ್ಟೇ ಎಂದು ಗೊತ್ತು ಮಾಡಿದ ಮೇಲೆ ಸಾಲು ಕರಗಿತು. ತನ್ನ ಪಾಲು ಎಲ್ಲೂ ಹೋಗುವುದಿಲ್ಲ ಎಂದು ಗೊತ್ತಾದರೆ ಮನುಷ್ಯ ಮನೆಯಲ್ಲಿ ನೆಮ್ಮದಿಯಿಂದ ಇರುತ್ತಾನೆ.

ಟ್ಯಾಂಕರ್ ಬಂದು ನಿಂತಿದೆ. ಆದರೂ ಪೆಟ್ರೋಲ್ ಕೊಡುತ್ತಿಲ್ಲ. ಯಾಕೆ?

ಜಗಳ ಹೆಚ್ಚು ಆಗುವುದು ಈ ಹೊತ್ತಿಗೇ. ದಯವಿಟ್ಟು ಸ್ವಲ್ಪ ತಾಳಿ, ಅಲ್ಲಿ ಏನು ನಡೆಯುತ್ತದೆ ನೋಡಿ.

ಟ್ಯಾಂಕರ್ ಬಂದ ಮೇಲೆ ಮೊದಲು ಎಂಜಿನ್ ಆಫ್ ಮಾಡುತ್ತಾರೆ. ಬೆಂಕಿ ನಂದಿಸುವ ಸಿಲಿಂಡರ್ ಪಕ್ಕಕ್ಕೆ ತಂದಿಡುತ್ತಾರೆ. ಟ್ಯಾಂಕರ್ ಮೈಗೆ ಅರ್ಥಿಂಗ್ ವೈರ್ ಕಚ್ಚಿಸುತ್ತಾರೆ. ಪೆಟ್ರೋಲ್ ಹರಿಯುವಾಗ ಹುಟ್ಟುವ ಸ್ಥಿರ ವಿದ್ಯುತ್ತಿನ ಒಂದು ಕಿಡಿ ಸಾಕು, ಅನಾಹುತಕ್ಕೆ. ಸೀಲ್ ಒಡೆದಿಲ್ಲವಲ್ಲ ಎಂದು ನೋಡುತ್ತಾರೆ. ಮೇಲೆ ಹತ್ತಿ ಮುಚ್ಚಳ ತೆಗೆದು ಅಳತೆ ಕೋಲು ಇಳಿಸುತ್ತಾರೆ. ಸ್ವಲ್ಪ ಪೆಟ್ರೋಲನ್ನು ಗಾಜಿನ ಜಾರಿಗೆ ಹಿಡಿದು ಸಾಂದ್ರತೆ ನೋಡಿ, ಬಿಲ್ಲಿನಲ್ಲಿ ಬರೆದ ಅಂಕಿಗೆ ತಾಳೆ ಹಾಕುತ್ತಾರೆ. ಕೋಲಿನ ತುದಿಗೆ ನೀರು ತೋರಿಸುವ ಪೇಸ್ಟ್ ಹಚ್ಚಿ ನೆಲದಡಿಯ ಟ್ಯಾಂಕಿಗೆ ಇಳಿಸುತ್ತಾರೆ. ನೀರು ತಾಗಿದರೆ ಪೇಸ್ಟಿನ ಬಣ್ಣ ಬದಲಾಗುತ್ತದೆ. ನಮ್ಮ ಮಳೆಗಾಲದಲ್ಲಿ ಈ ಪರೀಕ್ಷೆ ಬಿಟ್ಟರೆ ನಾಳೆ ನೂರಾರು ಗಾಡಿ ಗ್ಯಾರೇಜಿನಲ್ಲಿ ಇರುತ್ತವೆ. ಆಮೇಲೆ ಪೈಪ್ ಜೋಡಿಸಿ ಇಳಿಸುತ್ತಾರೆ. ಅಷ್ಟು ಹೊತ್ತು ಆ ಟ್ಯಾಂಕಿನಿಂದ ಮಾರುವಂತಿಲ್ಲ.

ಹಾಗಾಗಿ ಹಾರ್ನ್ ಹೊಡೆದು, ಒಳಗೆ ನುಗ್ಗಿ, ಮೊಬೈಲ್ ಹಿಡಿದು ವಿಡಿಯೋ ಮಾಡುತ್ತ ಟ್ಯಾಂಕರ್ ಸುತ್ತ ನಿಲ್ಲಬೇಡಿ. ಅಲ್ಲಿ ದುಡಿಯುವ ಹುಡುಗರು ಬೆಳಗಿನಿಂದ ಬೈಸಿಕೊಂಡೇ ನಿಂತಿರುತ್ತಾರೆ. ಅವಸರಪಡಿಸಿದರೆ ತಪ್ಪಿಹೋಗುವುದು ಈ ಪರೀಕ್ಷೆಗಳೇ.

ಕ್ಯಾನಿನಲ್ಲಿ ತಂದು ಮನೆಯಲ್ಲಿ ಇಟ್ಟುಕೊಳ್ಳಬಹುದಾ?

ಇಟ್ಟುಕೊಳ್ಳಬೇಡಿ. ಇದೊಂದು ಮಾತನ್ನಾದರೂ ಕೇಳಿ.

ಕಾನೂನು ಮೊದಲು. 1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ ಮಾರಾಟಕ್ಕಲ್ಲದೆ, ಲೈಸೆನ್ಸ್ ಇಲ್ಲದೆ ಒಬ್ಬರು ಇಟ್ಟುಕೊಳ್ಳಬಹುದಾದ ಪೆಟ್ರೋಲ್ ಹೆಚ್ಚೆಂದರೆ 30 ಲೀಟರ್. ಅದನ್ನೂ ಭದ್ರವಾಗಿ ಮುಚ್ಚಿದ ಪಾತ್ರೆಯಲ್ಲೇ ಇಡಬೇಕು. ಲೋಹದ್ದಾದರೆ ಒಂದೊಂದು 25 ಲೀಟರ್ ಮೀರಬಾರದು, ಗಾಜು ಅಥವಾ ಪಿಂಗಾಣಿಯದ್ದಾದರೆ 1 ಲೀಟರ್ ಮೀರಬಾರದು. ನೀರಿನ ಬಾಟಲಿ, ಎಣ್ಣೆಯ ಪ್ಲಾಸ್ಟಿಕ್ ಕ್ಯಾನ್ ಈ ಪಟ್ಟಿಯಲ್ಲೇ ಇಲ್ಲ. ಕೂಡಿಟ್ಟು ಹೆಚ್ಚು ಬೆಲೆಗೆ ಮಾರಲು ಹೋದರೆ 1955ರ ಅಗತ್ಯ ವಸ್ತುಗಳ ಕಾಯ್ದೆ ಇದೆ, 7 ವರ್ಷದ ತನಕ ಜೈಲು.

ಕಾನೂನಿಗಿಂತ ನನಗೆ ಹೆದರಿಕೆ ನಮ್ಮ ಮನೆಗಳ ರಚನೆಯದು. ಘಟ್ಟದ ಮೇಲೆ, ಕರಾವಳಿಯಲ್ಲಿ ಇವತ್ತಿಗೂ ಹೆಚ್ಚಿನ ಮನೆಗಳ ಬಚ್ಚಲಿನಲ್ಲಿ ಹಂಡೆ ಒಲೆ ಇದೆ. ಬೆಳಗಿನ ಜಾವ ಹಾಕಿದ ಬೆಂಕಿ ಮಧ್ಯಾಹ್ನದ ತನಕ ಬೂದಿಯೊಳಗೆ ಕೆಂಡವಾಗಿ ಇರುತ್ತದೆ. ಬಚ್ಚಲ ಪಕ್ಕದಲ್ಲೇ ಕಟ್ಟಿಗೆ ಕೊಟ್ಟಿಗೆ. ಬೇಡದ ಡಬ್ಬಿ, ಕ್ಯಾನು ಎಲ್ಲ ಇಡುವುದೂ ಅಲ್ಲೇ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಮೇಲೆ ಹೋಗದೆ ನೆಲ ಹಿಡಿದು ಹರಿಯುತ್ತದೆ, ಹೊಸಿಲು ದಾಟುತ್ತದೆ, ಬಚ್ಚಲಿಗೆ ಇಳಿಯುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುವ ವಸ್ತು ಅದು. ನಮ್ಮ ಸೆಕೆಯಲ್ಲಿ ಕೇಳಬೇಕಾ? ಕ್ಯಾನ್ ಒಲೆಯ ಬಳಿ ಇಲ್ಲ, ಹತ್ತು ಹೆಜ್ಜೆ ದೂರ ಇದೆ ಎಂಬ ಧೈರ್ಯ ಬೇಡ. ಬೆಂಕಿ ಪೆಟ್ರೋಲನ್ನು ಹುಡುಕಿಕೊಂಡು ಬರಬೇಕಿಲ್ಲ, ಪೆಟ್ರೋಲೇ ಬೆಂಕಿಯ ಹತ್ತಿರ ಹೋಗುತ್ತದೆ.

ಇನ್ನೊಂದು ಕಾರಣ. ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ಆಷಾಢದಲ್ಲಿ ಒಣಹಾಕಿದ ಬಟ್ಟೆ ನಾಲ್ಕು ದಿನವಾದರೂ ಒಣಗದ ಊರು ನಮ್ಮದು. ಸಡಿಲ ಮುಚ್ಚಳದ ಕ್ಯಾನಿನಲ್ಲಿ ವಾರಗಟ್ಟಲೆ ಇಟ್ಟರೆ ನೀರು ಸೇರಿ, ಎಥನಾಲ್ ಸಮೇತ ತಳಕ್ಕೆ ಕೂರುತ್ತದೆ. ಅದನ್ನೇ ಗಾಡಿಗೆ ಸುರಿದರೆ ಗಾಡಿ ಕೆಮ್ಮುತ್ತದೆ.

ನಮಗೆ ತೋಟಕ್ಕೆ ಪೆಟ್ರೋಲ್ ಬೇಕೇ ಬೇಕು. ಕ್ಯಾನ್ ತರದೆ ಹೇಗೆ?

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯವರ ಈ ಪ್ರಶ್ನೆ ನ್ಯಾಯವಾದದ್ದು. ಕಳೆ ಕಟರ್ ಅನ್ನು, ಮದ್ದು ಹೊಡೆಯುವ ಪಂಪನ್ನು ಬಂಕ್ ತನಕ ಹೊತ್ತುಕೊಂಡು ಹೋಗಲು ಆಗುವುದಿಲ್ಲ. ಅಡಿಕೆಗೆ ಕೊಳೆ ಮದ್ದು ಹೊಡೆಯುವ ಹೊತ್ತು ತಪ್ಪಿದರೆ ವರ್ಷದ ಬೆಳೆ ಹೋಗುತ್ತದೆ. ಮಳೆ ಒಂದು ದಿನ ಬಿಡುವು ಕೊಟ್ಟಿರುತ್ತದೆ. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಸಿಗುವುದೂ ಅದೇ ಒಂದು ದಿನ. ಮೈಲುತುತ್ತ, ಸುಣ್ಣ ಕಲಸಿ ಆಗಿರುತ್ತದೆ. ಆ ದಿನ ಪಂಪಿಗೆ ಪೆಟ್ರೋಲ್ ಇಲ್ಲ ಎಂದರೆ?

ಭದ್ರ ಮುಚ್ಚಳದ ಲೋಹದ ಕ್ಯಾನ್ ಒಂದನ್ನು ಇದಕ್ಕೇ ಅಂತ ಇಟ್ಟುಕೊಳ್ಳಿ. ಎರಡು ದಿನದ ಕೆಲಸಕ್ಕೆ ಆಗುವಷ್ಟು ಮಾತ್ರ ತನ್ನಿ. ಯಾಕೆ ಬೇಕು ಎಂದು ಬಂಕ್‌ನವರಿಗೆ ಹೇಳಿ. ಕೊರತೆಯ ದಿನಗಳಲ್ಲಿ ಅವರು ಕ್ಯಾನಿಗೆ ಕೊಡುವುದಿಲ್ಲ ಎಂದರೆ ಅದಕ್ಕೂ ಕಾರಣ ಇರುತ್ತದೆ, ಮೇಲಿನಿಂದ ಹಾಗೆ ಹೇಳಿರಬಹುದು. ಆಗ ಗ್ರಾಮ ಪಂಚಾಯತಿ ಅಥವಾ ತಹಶೀಲ್ದಾರರ ಕಚೇರಿಯಲ್ಲಿ ಕೇಳಿ. ಊರಿನ ನಾಲ್ಕು ಮನೆಯವರು ಸೇರಿ ಕೇಳಿದರೆ ಮಾತಿಗೆ ತೂಕ ಬರುತ್ತದೆ. ಪಂಪ್ ಬಿಸಿ ಇರುವಾಗ ಪೆಟ್ರೋಲ್ ಸುರಿಯಬೇಡಿ. ಬೀಡಿ ದೂರ ಇರಲಿ.

ಪೇಟೆಯವರಿಗೂ ಒಂದು ಮಾತು. ಸಾಲಿನಲ್ಲಿ ಕ್ಯಾನ್ ಹಿಡಿದವರನ್ನೆಲ್ಲ ಕಳ್ಳರ ಹಾಗೆ ನೋಡಬೇಡಿ. ಕೆಲವರ ಕೈಯಲ್ಲಿ ಇರುವುದು ವರ್ಷದ ಅನ್ನ.

ದೋಣಿಯವರ ಕಥೆ ಏನು?

ದೊಡ್ಡ ಬೋಟ್‌ಗಳದ್ದು ಡೀಸೆಲ್. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆ ಅವಧಿಯಲ್ಲಿ ಬಂದರುಗಳಲ್ಲಿ ಬೇಡಿಕೆ ಇಳಿಯುತ್ತದೆ. ಆಗಸ್ಟ್ ಬಂತೆಂದರೆ ಬೈತಖೋಲ, ತದಡಿ, ಹೊನ್ನಾವರ, ಭಟ್ಕಳ ಎಲ್ಲ ಕಡೆ ಒಟ್ಟಿಗೆ ಏರುತ್ತದೆ. ನಮ್ಮ ಘಾಟಿಗಳು ಕುಸಿಯುವ ಕಾಲವೂ ಅದೇ. ಜಿಲ್ಲಾಡಳಿತ ಆಗಸ್ಟಿಗೆ ಮೊದಲೇ ಈ ಲೆಕ್ಕ ಹಾಕಿಡಬೇಕು ಎಂಬುದು ನನ್ನ ಒತ್ತಾಯ.

10 ಎಚ್‌ಪಿ ಒಳಗಿನ ಎಂಜಿನ್ ಇರುವ ನಾಡದೋಣಿಗಳಿಗೆ ನಿಷೇಧ ಇಲ್ಲ. ಮಳೆಗಾಲದಲ್ಲಿ ಕರಾವಳಿಯ ಒಲೆಗೆ ತಾಜಾ ಮೀನು ಬರುವುದು ಅವರಿಂದಲೇ. ಅವರ ಇಂಧನ ನಿಂತರೆ ಅಂದಿನ ಸಂಪಾದನೆ ನಿಂತಿತು. ಮಾರ್ಕೆಟ್ಟಿನಲ್ಲಿ ಬುಟ್ಟಿ ಇಟ್ಟು ಕೂರುವ ಹೆಂಗಸರದ್ದೂ ನಿಂತಿತು.

ಗೋವಾಕ್ಕೆ ಹೋಗಿ ತುಂಬಿಸಿಕೊಂಡು ಬರಲಾ?

ಕಾರವಾರದವರಿಗೆ ಇದು ಹೊಸತಲ್ಲ. ಗಡಿಯ ಮಾಜಾಳಿ ದಾಟಿದರೆ ಗೋವಾದ ಪೊಳೆಂ. ತೆರಿಗೆ ಕಡಿಮೆ ಇರುವುದರಿಂದ ಅಲ್ಲಿ ಪೆಟ್ರೋಲ್ ನಮ್ಮಲ್ಲಿಗಿಂತ ಅಗ್ಗ. ಆ ಕಡೆ ಕೆಲಸ ಇದ್ದು ಹೋದಾಗ ತುಂಬಿಸಿದರೆ ಸರಿ. ಪೆಟ್ರೋಲಿಗಾಗಿಯೇ ಹೋಗುವುದಾದರೆ ಲೆಕ್ಕ ಮಾಡಿ. ಅಂಕೋಲೆಯಿಂದ ಹೋಗಿ ಬರಲು ಸುಮಾರು 100 ಕಿಲೋಮೀಟರ್, ಸ್ಕೂಟರಿಗೆ 2 ಲೀಟರಿಗೂ ಜಾಸ್ತಿ. 5 ಲೀಟರಿನ ಟ್ಯಾಂಕ್ ತುಂಬಿಸಲು 2 ಲೀಟರ್ ಸುಡುವುದು ಕೊರತೆಯ ದಿನಕ್ಕೆ ಹೇಳಿದ ಕೆಲಸ ಅಲ್ಲ. ನಮ್ಮ ಗಡಿಬಿಡಿ ಅಲ್ಲಿಗೂ ಹಬ್ಬಿ, ಗಡಿಯಾಚೆಯ ಕಾಣಕೋಣ ತಾಲೂಕಿನವರಿಗೂ ತೊಂದರೆ.

ಬಂಕ್‌ನವರು ಸ್ಟಾಕ್ ಇಟ್ಟುಕೊಂಡೇ ಇಲ್ಲ ಅಂತಾರೆ. ಹೌದಾ?

ಕೆಲವೊಮ್ಮೆ ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದರೂ ಕೊಡಲು ಆಗುವುದಿಲ್ಲ. ತಳದಲ್ಲಿ ಉಳಿಯುವ ಸ್ವಲ್ಪ ಪೆಟ್ರೋಲನ್ನು ಪಂಪ್ ಎಳೆಯುವುದಿಲ್ಲ. ಎಳೆದರೂ ಕಸ, ನೀರು ಬರುವ ಅಪಾಯ. ಆಂಬುಲೆನ್ಸ್, ಪೊಲೀಸ್, ಅಗ್ನಿಶಾಮಕ ವಾಹನಗಳಿಗೆ ಇಷ್ಟು ಉಳಿಸಿ ಎಂದು ಅಧಿಕಾರಿಗಳು ಹೇಳಿದ್ದರೆ ಅದನ್ನೂ ಮುಟ್ಟುವಂತಿಲ್ಲ.

ಆದರೆ ಬೋರ್ಡಿನಲ್ಲಿ ಬರೆದ ದರಕ್ಕಿಂತ ಒಂದು ರೂಪಾಯಿ ಜಾಸ್ತಿ ಕೇಳಿದರೂ ಕೊಡಬೇಡಿ, ಬಿಲ್ ಕೇಳಿ. 2017ರ ಜೂನ್ 16ರಿಂದ ದೇಶದ ಎಲ್ಲ ಬಂಕ್‌ಗಳಲ್ಲಿ ಬೆಳಿಗ್ಗೆ 6ಕ್ಕೆ ದರ ಬದಲಾಯಿಸುವ ಪದ್ಧತಿ ಇದೆ. ಮಧ್ಯಾಹ್ನ ಮಾಲೀಕರ ಮನಸ್ಸಿಗೆ ಬಂದಂತೆ ಏರಿಸಲು ಬರುವುದಿಲ್ಲ. ದೂರು ಕೊಡಲು ಆಹಾರ ಮತ್ತು ನಾಗರಿಕ ಸರಬರಾಜು ಇಲಾಖೆ ಇದೆ. ಅಳತೆಯಲ್ಲಿ ಮೋಸ ಕಂಡರೆ ಕಾನೂನು ಮಾಪನ ಇಲಾಖೆ. ಗದ್ದಲದಲ್ಲಿ ಮೀಟರ್ ಸೊನ್ನೆಗೆ ಬಂದಿದೆಯಾ ಎಂದು ನೋಡುವುದನ್ನು ಮರೆಯುತ್ತೇವೆ. ಅದನ್ನು ನೋಡಿ.

"ಒಬ್ಬರಿಗೆ 200 ರೂಪಾಯಿಗೆ ಮಾತ್ರ" ಎಂದು ಮಿತಿ ಹಾಕುವುದು ಸರಿಯಾ?

ನನ್ನ ಪ್ರಕಾರ ಸರಿ, ಒಂದೆರಡು ದಿನದ ಮಟ್ಟಿಗೆ. ಮಿತಿ ಹಾಕಿದರೆ ಇದ್ದದ್ದು ಹೆಚ್ಚು ಜನರಿಗೆ ಸಿಗುತ್ತದೆ. ಆದರೆ ಮಿತಿ ತೀರಾ ಸಣ್ಣದಾದರೆ ಅದೇ ಜನ ದಿನಕ್ಕೆ ಮೂರು ಸಲ ಸಾಲಿಗೆ ಬರುತ್ತಾರೆ. 1979ರ ತೈಲ ಬಿಕ್ಕಟ್ಟಿನಲ್ಲಿ ಅಮೆರಿಕದ ಕೆಲವು ರಾಜ್ಯಗಳು ಇದಕ್ಕೆ ಉಲ್ಟಾ ನಿಯಮ ತಂದವು. ಇಷ್ಟಕ್ಕಿಂತ ಕಡಿಮೆ ಹಾಕಿಸುವ ಹಾಗಿಲ್ಲ ಎಂದರು. ಮುಕ್ಕಾಲು ತುಂಬಿದ ಟ್ಯಾಂಕಿಗೆ ಮತ್ತೆ ಮತ್ತೆ ಸುರಿಸಿಕೊಳ್ಳಲು ಬರುವವರನ್ನು ತಡೆಯುವ ಉಪಾಯ ಅದು. ನಂಬರ್ ಪ್ಲೇಟಿನ ಸಮ–ಬೆಸ ಅಂಕಿ ನೋಡಿ ದಿನ ಹಂಚುವುದೂ ಆಗಲೇ ನಡೆದಿತ್ತು.

ವಾಟ್ಸಾಪ್‌ನಲ್ಲಿ ಸುದ್ದಿ ಬಂದಿದೆ. ಫಾರ್ವರ್ಡ್ ಮಾಡಲಾ?

ಬೇಡ. ತಾರೀಕು ಇಲ್ಲದ ಸುದ್ದಿ, ಹಳೆಯ ಸಾಲಿನ ವಿಡಿಯೋ, ಬೇರೆ ಊರಿನ ಫೋಟೋ ಎಲ್ಲ ಒಟ್ಟಾಗಿ ತಿರುಗುತ್ತಿರುತ್ತವೆ. "ಜಾಗ್ರತೆಗೆ ಹೇಳಿದೆ" ಎಂದುಕೊಂಡು ಮನೆಯವರ ಗ್ರೂಪಿಗೆ ಹಾಕುವ ಒಂದು ಸಾಲು ಎಷ್ಟು ಗಾಡಿಗಳನ್ನು ಬಂಕ್‌ಗೆ ಕಳಿಸುತ್ತದೆ ಎಂದು ಯೋಚಿಸಿ. ರಸ್ತೆ ಬಂದ್ ಆಗಿದೆಯಾ ಎಂದು ತಿಳಿಯಬೇಕಿದ್ದರೆ ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077ಕ್ಕೆ ಕರೆ ಮಾಡಿ ಕೇಳಿ.

ಮಂಗಳೂರಿನಲ್ಲಿ, ಪಾದೂರಿನಲ್ಲಿ ನೆಲದಡಿ ತೈಲ ಸಂಗ್ರಹ ಇದೆಯಲ್ಲ? ಮತ್ತೆ ಯಾಕೆ ಚಿಂತೆ?

ಇದೆ. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಯುವ ಬಂಡೆಯೊಳಗಿನ ಗುಹೆಗಳು. ವಿಶಾಖಪಟ್ಟಣದ್ದೂ ಸೇರಿದರೆ 53 ಲಕ್ಷ ಟನ್ ದಾಟುತ್ತದೆ. ಆದರೆ ಅಲ್ಲಿರುವುದು ಕಚ್ಚಾ ತೈಲ. ಅದು ದೇಶದ ಕಷ್ಟಕಾಲಕ್ಕೆ. ಅದು ಶುದ್ಧೀಕರಣ ಆಗಿ, ಟ್ಯಾಂಕರ್ ಹತ್ತಿ, ಇದೇ 66ನೇ ಹೆದ್ದಾರಿಯಲ್ಲಿ ಬರಬೇಕು. ಶಿರೂರಿನಲ್ಲಿ ಗುಡ್ಡ ಬಿದ್ದಾಗ ಪಾದೂರಿನ ಗುಹೆ ತುಂಬಿದ್ದರೂ ಕಾರವಾರದ ಬಂಕ್‌ಗೆ ಪ್ರಯೋಜನ ಇಲ್ಲ.

ಆಸ್ಪತ್ರೆಗೆ ಹೋಗಬೇಕು, ಗಾಡಿಯಲ್ಲಿ ಪೆಟ್ರೋಲ್ ಇಲ್ಲ. ಏನು ಮಾಡಲಿ?

108ಕ್ಕೆ ಕರೆ ಮಾಡಿ. ಅದು ಸಿಗುವುದು ತಡವಾದರೆ 112. ನಿಮ್ಮದೇ ಗಾಡಿಯಲ್ಲಿ ಹೊರಟಿದ್ದರೆ ನೇರ ಬಂಕ್‌ನ ಮುಂದಕ್ಕೆ ಹೋಗಿ ವಿಷಯ ಹೇಳಿ. ರೋಗಿ ಒಳಗಿದ್ದಾರೆ ಎಂದರೆ ದಾರಿ ಬಿಡದವರು ನಮ್ಮಲ್ಲಿ ಕಡಿಮೆ.

ಈ ಪ್ರಶ್ನೆ ಬೇರೆ ಜಿಲ್ಲೆಯಲ್ಲಿ ಇಷ್ಟು ಕಠಿಣವಾಗಿ ಬರುವುದಿಲ್ಲ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ನಮ್ಮ ಜನ ವರ್ಷಗಳಿಂದ ಕೂಗುತ್ತಿದ್ದಾರೆ. ತಲೆಗೆ ಪೆಟ್ಟು ಬಿದ್ದರೆ, ಹೃದಯಕ್ಕೆ ತೊಂದರೆ ಆದರೆ ಈಗಲೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾ. ಕಾರವಾರದಿಂದ ಮಂಗಳೂರಿಗೆ 250 ಕಿಲೋಮೀಟರಿಗೂ ಜಾಸ್ತಿ. ಡಯಾಲಿಸಿಸ್‌ಗೆ ವಾರಕ್ಕೆ ಎರಡು ಮೂರು ಸಲ ಬಾಡಿಗೆ ಗಾಡಿಯಲ್ಲಿ ಹೋಗಿ ಬರುವವರಿದ್ದಾರೆ. ನಾವು ಸುಮ್ನೆ ತುಂಬಿಸಿಟ್ಟ 3 ಲೀಟರ್ ಅವರಿಗೆ ಬೇಕಾಗಿತ್ತು. ಹತ್ತಿರದ ಮನೆಯಲ್ಲಿ ಅಂಥವರಿದ್ದರೆ, "ಅಕ್ಕಾ, ಗಾಡಿ ಬೇಕಾದ್ರೆ ಹೇಳಿ" ಎಂದು ಒಂದು ಮಾತು ಹೇಳಿಡಿ.

ಗಾಡಿ ಇಲ್ಲದೆ ಓಡಾಡುವುದು ಹೇಗೆ?

ಕೊಂಕಣ ರೈಲ್ವೆಯ ಮಾರ್ಗ 2022ರಲ್ಲಿ ಪೂರ್ತಿ ವಿದ್ಯುದೀಕರಣ ಆಗಿದೆ. ಬಂಕ್‌ನಲ್ಲಿ ಇಂಧನ ಇಲ್ಲದಿದ್ದರೂ ಕಾರವಾರ, ಅಂಕೋಲಾ, ಗೋಕರ್ಣ ರೋಡ್, ಕುಮಟಾ, ಹೊನ್ನಾವರ, ಭಟ್ಕಳದವರಿಗೆ ರೈಲಿದೆ. ಸಾರಿಗೆ ಸಂಸ್ಥೆಯ ಬಸ್ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರು ಟಿಕೆಟ್‌ಗೆ ದುಡ್ಡು ಕೊಡಬೇಕಿಲ್ಲ. ಘಟ್ಟದ ಮೇಲಿನ ಒಳ ಊರುಗಳಿಗೆ ಬಸ್ಸು ದಿನಕ್ಕೆ ಒಂದೋ ಎರಡೋ. ಅಲ್ಲಿ ಒಂದೇ ಕಾರಿನಲ್ಲಿ ನಾಲ್ಕು ಮನೆಯವರು ಪೇಟೆಗೆ ಹೋಗಿ ಬರುವುದೇ ದಾರಿ.

ಇದ್ದ ಪೆಟ್ರೋಲ್ ಹೆಚ್ಚು ದಿನ ಬರಬೇಕಾದರೆ?

ಟಯರಿನ ಗಾಳಿ ಸರಿ ಇರಲಿ. 45ರಿಂದ 55ರ ವೇಗದಲ್ಲಿ ಓಡಿಸಿ. ಸಾಲಿನಲ್ಲಿ ನಿಂತಾಗ ಎಂಜಿನ್ ಆಫ್ ಮಾಡಿ.

ಮಳೆಗಾಲಕ್ಕೆ ಮೊದಲೇ ಏನಾದರೂ ಮಾಡಿಕೊಳ್ಳಬಹುದಾ?

ಮಾಡಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯದ ಹಾಗೆ ನೋಡಿಕೊಳ್ಳಿ. ರಸ್ತೆ ಚೆನ್ನಾಗಿರುವಾಗ, ಬಂಕ್‌ನಲ್ಲಿ ಸಾಲು ಇಲ್ಲದಿರುವಾಗ ಅರ್ಧಕ್ಕೆ ಬಂದ ಕೂಡಲೇ ಹಾಕಿಸಿ. ಜನ ಬೇರೆ ಬೇರೆ ದಿನ ಬರುವುದರಿಂದ ಬಂಕ್‌ಗೂ ಭಾರ ಆಗುವುದಿಲ್ಲ. ಅದೇ ಎಲ್ಲರೂ ಮೊದಲೇ ಅರ್ಧ ಟ್ಯಾಂಕ್ ಇಟ್ಟುಕೊಂಡಿದ್ದರೆ, ಗುಡ್ಡ ಬಿದ್ದ ದಿನ ಊರಿಗೆ ಊರೇ ನಾಲ್ಕು ದಿನ ತಡೆದುಕೊಳ್ಳುತ್ತದೆ. ಸುದ್ದಿ ಬಂದ ಮೇಲೆ ಓಡುವುದಕ್ಕೂ ಇದಕ್ಕೂ ಅಜಗಜಾಂತರ. ಮನೆಯಲ್ಲಿ ರೋಗಿಗಳಿದ್ದರೆ, ಒಳ ಊರಿನಲ್ಲಿ ಮನೆಯಿದ್ದರೆ ಇದನ್ನು ತಪ್ಪದೆ ಮಾಡಿ.

ಗಾಬರಿಯಲ್ಲಿ ಕ್ಯಾನ್ ತುಂಬಿಸಿ ತಂದಾಗಿದೆ. ಈಗ ಏನು ಮಾಡಲಿ?

ಇವತ್ತೇ ಮನೆಯಿಂದ ಹೊರಗೆ ತನ್ನಿ. ಬಿಸಿಲು ಬೀಳದ, ಗಾಳಿ ಆಡುವ, ಒಲೆ, ದೀಪ, ಸ್ವಿಚ್‌ಬೋರ್ಡ್ ಯಾವುದೂ ಹತ್ತಿರ ಇಲ್ಲದ ಜಾಗದಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಗಾಡಿಯ ಎಂಜಿನ್ ತಣ್ಣಗಾದ ಮೇಲೆ ಹಗಲಿನಲ್ಲಿ, ಬಯಲಿನಲ್ಲಿ, ಲಾಳಿಕೆ ಇಟ್ಟು ಟ್ಯಾಂಕಿಗೆ ಸುರಿದು ಮುಗಿಸಿ. ಜಾಸ್ತಿ ಇದ್ದರೆ ಪಕ್ಕದ ಮನೆಯವರ ಗಾಡಿಗೆ ಹಾಕಿ. ಪೆಟ್ರೋಲ್ ಬೆಳ್ಳಗೆ ಮಬ್ಬಾಗಿದ್ದರೆ, ತಳದಲ್ಲಿ ಬೇರೆ ಪದರ ಕಂಡರೆ ಗಾಡಿಗೆ ಹಾಕದೆ ಗ್ಯಾರೇಜಿನವರನ್ನು ಕೇಳಿ. ಏನೇ ಆದರೂ ಚರಂಡಿಗೋ ತೋಟದ ಮೂಲೆಗೋ ಚೆಲ್ಲಬೇಡಿ. ನಮ್ಮಲ್ಲಿ ಮನೆಮನೆಗೂ ಬಾವಿ ಇದೆ. ನೆಲಕ್ಕೆ ಇಂಗಿದ ಪೆಟ್ರೋಲ್ ಕುಡಿಯುವ ನೀರಿಗೆ ಬರುತ್ತದೆ, ನಿಮ್ಮದಕ್ಕೂ, ಕೆಳಗಿನ ಮನೆಯವರದಕ್ಕೂ.